ತೇಲುವ ತೋಟ, ಜವಳು ಹೊಲ

ಒಮ್ಮೆ ತರಗತಿಯಲ್ಲಿ ‘ಜೌಗು’ ಎಂಬ ಪದಕ್ಕೆ ಅರ್ಥ ಹೇಳುತ್ತಿದ್ದೆನು. ನರಗುಂದದ ಕಡೆಯ ಹುಡುಗನೊಬ್ಬನು ಎದ್ದುನಿಂತು, “ನಮ್ಮ ಹೊಲಾನೂ ಜವಳ ಆಗೇತ್ರಿ ಸರ್. ಅಪ್ಪಾ ಬಿತ್ತೂದ ಬಿಟ್ಟಾನ್ರಿ” ಎಂದನು. ನನ್ನ ಅರ್ಥವಿವರಣೆ ಅಲ್ಲಿಗೇ ನಿಂತಿತು.

ವಾಚಕರೇ, ರೋಣ, ನರಗುಂದ, ಗಜೇಂದ್ರಗಡಗಳು ಮಳೆಗಾಗಿ ಮುಗಿಲು ನೋಡುವ ಸೀಮೆ. 1972ರಲ್ಲಿ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟಾದ ಮೇಲೆ ನರಗುಂದ, ರೋಣಗಳ ಎರೆಭೂಮಿಗೆ ಕಾಲುವೆಯ ನೀರು ಬಂದಿತು. ಆದರೆ ಎರೆಮಣ್ಣು ಕುಡಿದ ನೀರನ್ನು ಬೇಗ ಬಿಡದು. ಬಸಿಯಲು ದಾರಿಯಿಲ್ಲದ ಕಡೆ ನೀರು ಬೇರಿನ ಮಟ್ಟಕ್ಕೇರಿತು, ಉಪ್ಪು ಮೇಲಕ್ಕೆ ಬಂದಿತು. ಹೊಲ ಸವಳು-ಜವಳಾಯಿತು.

ನಿಂತ ನೀರನ್ನೇ ಹೊಲ ಮಾಡಿಕೊಂಡವರು ಬಾಂಗ್ಲಾದೇಶದ ಗೋಪಾಲಗಂಜ, ಪಿರೋಜಪುರ ಭಾಗದ ರೈತರು. ಕೆರೆಗಳನ್ನು ಮುಚ್ಚುವ ಅಂತರಗಂಗೆಯ ಕಳೆಯನ್ನು ಅವರು ನೀರಿನ ಮೇಲೆ ಪದರಪದರವಾಗಿ ಒಟ್ಟಿ, ತುಳಿದು, ಕೊಳೆಯಿಸುತ್ತಾರೆ. ಆ ತೇಲುವ ಮಡಿಯ ಮೇಲೆ ಬೆಂಡೆ, ಸೋರೆ, ಸೊಪ್ಪು ಬೆಳೆಯುತ್ತವೆ. ನೆರೆ ಏರಿದರೆ ಮಡಿಯೂ ಏರುತ್ತದೆ. ನೀರಿಳಿದ ಮೇಲೆ ಅದೇ ಮಡಿ ಹೊಲಕ್ಕೆ ಗೊಬ್ಬರ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2015ರಲ್ಲಿ ಈ ಪದ್ಧತಿಯನ್ನು ಜಾಗತಿಕ ಕೃಷಿ ಪರಂಪರೆಯೆಂದು ಮನ್ನಿಸಿತು.

ನಮ್ಮ ಜವಳಿನಲ್ಲಿ ಮಡಿ ತೇಲದು. ಇಲ್ಲಿಯ ನೀರು ಮಣ್ಣಿನೊಳಗಿದೆ. ಆದರೆ ಕೊಳೆತ ಸೊಪ್ಪೇ ಸಸಿಗೆ ಆಸರೆಯೆಂಬ ಮಾತು ಇಲ್ಲಿಯೂ ಸಲ್ಲುತ್ತದೆ. ಮೊದಲು ಬಸಿಗಾಲುವೆ ತೋಡಬೇಕು. ಮಣ್ಣು ಪರೀಕ್ಷೆ ಮಾಡಿಸಿ, ಬೇಕಾದಲ್ಲಿ ಜಿಪ್ಸಂ ಹಾಕಬೇಕು. ಡಯಂಚ ಬಿತ್ತಿ, ಹೂವಾಡುವ ಹೊತ್ತಿಗೆ ಮಣ್ಣಿಗೆ ಸೇರಿಸಬೇಕು. ತಿಪ್ಪೆಗೊಬ್ಬರ ಬೆರೆಸಿದ ಏರುಮಡಿಯಲ್ಲಿ ಕಾಯಿಪಲ್ಲೆ ಇಡಬೇಕು. ಕಾಲುವೆಯ ನೀರನ್ನು ಅಳತೆಯಿಂದ ಹಾಯಿಸಬೇಕು.

ಆ ಹುಡುಗನಿಗೆ ಅಂದು ಅರ್ಧಕ್ಕೆ ನಿಲ್ಲಿಸಿದ ಪಾಠ ಇದು. ಅವನ ತಂದೆ ಮತ್ತೆ ಕೂರಿಗೆ ಹಿಡಿದ ದಿನ ಅದು ಪೂರ್ತಿಯಾದಂತೆ.