ಗುಂಡಿ, ಸೂಜಿಗಲ್ಲು ಮತ್ತು ಅವ್ವನ ಬೆರಳು

(ಜರ್ಮನಿಯಲ್ಲಿ ನೆಲೆಸಿರುವ ಕನ್ನಡ ಓದುಗರ ವಾರ್ಷಿಕ ಕೂಟದಲ್ಲಿ ಮಾಡಿದ ಭಾಷಣದ ಬರಹರೂಪ)

ಈ ವೇದಿಕೆಯಲ್ಲಿ ಸಾಮಾನ್ಯವಾಗಿ ಸಾಹಿತ್ಯದ, ಚಳವಳಿಗಳ, ವಲಸೆಯ ಮಾತು ನಡೆಯುತ್ತದೆ. ಇಂಥ ಕಡೆ ಅಂಗಿಯ ಗುಂಡಿಯನ್ನು ಕುರಿತು ಮಾತನಾಡುತ್ತೇನೆಂದು ಸಂಘಟಕರಿಗೆ ತಿಳಿಸಿದಾಗ ಅವರು ಫೋನಿನ ಆ ಕಡೆ ಒಂದು ಕ್ಷಣ ಸುಮ್ಮನಾದರು. ಅವರ ಅನುಮಾನ ನ್ಯಾಯವಾದದ್ದೇ. ನಾನು ಕಾಂತೀಯ ವಸ್ತುಗಳನ್ನು ಅಭ್ಯಾಸ ಮಾಡುವವಳು. ಬಟ್ಟೆಗೂ ಚೀಲಕ್ಕೂ ಹಚ್ಚಬಹುದಾದ, ಬಾಗುವ, ಸದ್ದು ಮಾಡದ ಅಯಸ್ಕಾಂತದ ಪಟ್ಟಿಗಳು ಇಂದಿನ ನನ್ನ ವಿಷಯ. ಆದರೆ ಇದರ ಆರಂಭ ಪ್ರಯೋಗಾಲಯದಲ್ಲಿ ಆಗಲಿಲ್ಲ. ಧಾರವಾಡದ ನಮ್ಮ ಮನೆಯ ಒಳಕೋಣೆಯಲ್ಲಿ ಆಯಿತು.

ನಮ್ಮವ್ವ ಮೂವತ್ತು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿದವಳು. ಈಗ ಎಪ್ಪತ್ತಾರು. ಸಂಧಿವಾತದಿಂದ ಅವಳ ಬೆರಳುಗಳ ಗೆಣ್ಣುಗಳು ಊದಿ ಸೊಟ್ಟಗಾಗಿವೆ. ಮೂರು ವರ್ಷಗಳ ಹಿಂದೆ ನಾನು ರಜೆಗೆ ಹೋದಾಗ ಒಂದು ಬೆಳಿಗ್ಗೆ ಅವಳು ಕೋಣೆಯಿಂದ ಹೊರಗೆ ಬರಲೇ ಇಲ್ಲ. ಬಾಗಿಲು ತಟ್ಟಿ ಒಳಗೆ ಹೋದೆ. ಮಂಚದ ತುದಿಯಲ್ಲಿ ಕುಳಿತು ಕುಬಸದ ಹುಕ್ಕುಗಳ ಜೊತೆ ಸೆಣಸುತ್ತಿದ್ದಳು. ಐದರಲ್ಲಿ ಎರಡು ಬಿದ್ದಿದ್ದವು. ನಾನು ಕೈ ಚಾಚಿದಾಗ ಅವಳು ಮುಖ ತಿರುಗಿಸಿ ಹೇಳಿದ ಮಾತು ಇದು: "ಊಟಾ ಮಾಡಸ್ತೀನಿ ಅಂದ್ರ ಮಾಡಸ್ಕೋತೀನಿ. ಕುಬಸದ ಹುಕ್ಕ ಇನ್ನೊಬ್ರ ಕೈಲೆ ಹಾಕಿಸ್ಕೊಳ್ಳಾಕ ಮನಸ ಒಪ್ಪಂಗಿಲ್ಲವಾ."

ಆ ಮಾತನ್ನು ನಾನು ಇಲ್ಲಿಗೆ ಹೊತ್ತುಕೊಂಡು ಬಂದೆ. ಉಡುವುದು, ತೊಡುವುದು ನಮ್ಮ ದಿನದ ಮೊದಲ ಖಾಸಗಿ ಕೆಲಸ. ಬಾಗಿಲು ಹಾಕಿಕೊಂಡು ಮಾಡುವ ಕೆಲಸ. ಅದಕ್ಕೆ ಇನ್ನೊಬ್ಬರ ಕೈ ಬೇಕಾದಾಗ ಮನುಷ್ಯರು ನಿಧಾನವಾಗಿ ಹೊರಗೆ ಹೋಗುವುದನ್ನೇ ಬಿಡುತ್ತಾರೆ. ಅವ್ವ ಕರ್ನಾಟಕ ವಿದ್ಯಾವರ್ಧಕ ಸಂಘದ ಉಪನ್ಯಾಸಗಳಿಗೆ ಹೋಗುವುದನ್ನು ಬಿಟ್ಟು ಆಗಲೇ ಎಂಟು ತಿಂಗಳಾಗಿತ್ತು. ಮೊಣಕಾಲು ನೋವು ಎಂದು ನಮಗೆಲ್ಲ ಹೇಳಿದ್ದಳು. ನಿಜವಾದ ಕಾರಣ ಹುಕ್ಕು.

ನಮ್ಮ ಅಜ್ಜಿಗೆ ಈ ತೊಂದರೆ ಬೇರೆ ರೂಪದಲ್ಲಿತ್ತು. ಅವಳದು ಖಣದ ಕುಬಸ. ಮುಂದಿನ ಎರಡು ತುದಿಗಳನ್ನು ಎದೆಯ ಕೆಳಗೆ ಎಳೆದು ಗಂಟು ಹಾಕುತ್ತಿದ್ದಳು. ಸೀರೆ, ಪಂಚೆ, ರುಮಾಲು, ಎಲ್ಲವೂ ಸುತ್ತುವ, ಸಿಕ್ಕಿಸುವ, ಗಂಟು ಹಾಕುವ ಉಡುಪುಗಳು. ಅವು ಮೈಯ ಅಳತೆಗೆ ತಾವೇ ಹೊಂದಿಕೊಳ್ಳುತ್ತವೆ. ಅಳತೆಗೆ ಕತ್ತರಿಸಿ ಹೊಲಿದ ಬಟ್ಟೆ ಬಂದಾಗ ಅದನ್ನು ತೆರೆದು ಮುಚ್ಚುವ ಬಾಗಿಲು ಬೇಕಾಯಿತು. ಕಸೆ, ಲಾಡಿ, ಗುಂಡಿ, ಹುಕ್ಕು, ಟಿಚ್ ಬಟನ್ನು ಆ ಬಾಗಿಲ ಚಿಲಕಗಳು. ಈ ಚಿಲಕಗಳೆಲ್ಲ ಒಂದೇ ಬಗೆಯ ಕೈಯನ್ನು ಕಲ್ಪಿಸಿಕೊಂಡಿವೆ: ಹೆಬ್ಬೆರಳು ಮತ್ತು ತೋರುಬೆರಳು ನಡುಗದೆ, ನೋಯದೆ, ಸಣ್ಣ ವಸ್ತುವನ್ನು ಚಿವುಟಿ ಹಿಡಿಯಬಲ್ಲ ಕೈ.

ಕಳೆದ ಶತಮಾನ ಎರಡು ಹೊಸ ಚಿಲಕಗಳನ್ನು ಜಗತ್ತಿಗೆಲ್ಲ ಹರಡಿತು. ಒಂದು ಜಿಪ್ಪು. ಅಮೆರಿಕದ ವಿಟ್‌ಕಂಬ್ ಜಡ್ಸನ್ 1893ರಲ್ಲಿ ಪೇಟೆಂಟ್ ಪಡೆದ ಒಡ್ಡೊಡ್ಡಾದ ಸಾಧನವನ್ನು ಸ್ವೀಡನ್ ಮೂಲದ ಗಿಡಿಯನ್ ಸುಂಡ್‌ಬ್ಯಾಕ್ ತಿದ್ದಿ, 1917ರಲ್ಲಿ ಇಂದಿನ ರೂಪಕ್ಕೆ ಪೇಟೆಂಟ್ ಪಡೆದ. ಇನ್ನೊಂದು ವೆಲ್‌ಕ್ರೊ. ಸ್ವಿಟ್ಜರ್‌ಲೆಂಡಿನ ಎಂಜಿನಿಯರ್ ಜಾರ್ಜ್ ಡಿ ಮೆಸ್ತ್ರಾಲ್ 1941ರಲ್ಲಿ ನಾಯಿಯೊಡನೆ ಕಾಡು ಸುತ್ತಿ ಬಂದಾಗ ಅದರ ರೋಮಕ್ಕೂ ತನ್ನ ಬಟ್ಟೆಗೂ ಅಂಟಿದ ಮುಳ್ಳುಕಾಯಿಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ. ತುದಿಯಲ್ಲಿ ಸಣ್ಣ ಕೊಕ್ಕೆಗಳಿದ್ದವು. ಹೊಲದ ಬದುವಿನಲ್ಲಿ ನಡೆದು ಸೀರೆಯ ಅಂಚಿಗೆ ಉತ್ತರಾಣಿ ಹತ್ತಿಸಿಕೊಂಡು ಬಂದವರಿಗೆ ಈ ಕಥೆ ಹೆಚ್ಚು ವಿವರಿಸಬೇಕಿಲ್ಲ.

ವೆಲ್‌ಕ್ರೊ ನೋಯುವ ಬೆರಳುಗಳಿಗೆ ದೊಡ್ಡ ಉಪಕಾರ ಮಾಡಿತು. ಆದರೆ ಅದಕ್ಕೊಂದು ಸದ್ದಿದೆ. ಕೊಕ್ಕೆಯೊಂದು ಕುಣಿಕೆಯಿಂದ ಕಳಚಿಕೊಳ್ಳುವಾಗ ಎಳೆತಕ್ಕೆ ಬಿಗಿದಿದ್ದ ನೂಲು ಫಕ್ಕನೆ ಹಿಂದಕ್ಕೆ ಚಿಮ್ಮುತ್ತದೆ. ಅಂಥ ನೂರಾರು ಚಿಮ್ಮುಗಳು ಒಂದರ ಹಿಂದೊಂದು ನಡೆದು, ಸುತ್ತಲಿನ ಬಟ್ಟೆ ತಮಟೆಯ ಚರ್ಮದಂತೆ ಅದುರಿ ಆ ಸದ್ದನ್ನು ಹಿಗ್ಗಿಸುತ್ತದೆ. ರಾತ್ರಿಪಾಳಿಯ ದಾದಿ, ಆಗಷ್ಟೇ ಕೂಸನ್ನು ಮಲಗಿಸಿದ ತಾಯಿ, ಹಠಾತ್ ಸದ್ದಿಗೆ ತತ್ತರಿಸುವ ಆಟಿಸಂ ಇರುವ ಮಗು, ಇವರಿಗೆಲ್ಲ ಆ 'ಪರ್ರ್' ಸಣ್ಣ ವಿಷಯವಲ್ಲ. ನಮ್ಮವ್ವನ ಚೀಲಕ್ಕೂ ನಾನೇ ಒಮ್ಮೆ ವೆಲ್‌ಕ್ರೊ ಹಚ್ಚಿಸಿಕೊಟ್ಟಿದ್ದೆ. ಉಪನ್ಯಾಸದ ನಡುವೆ ಗುಳಿಗೆಗಾಗಿ ಅದನ್ನು ತೆರೆದಾಗ ಮುಂದಿನ ಮೂರು ಸಾಲುಗಳು ತಿರುಗಿ ನೋಡಿದವಂತೆ. ಅವಳು ಆ ಚೀಲವನ್ನು ಮತ್ತೆ ಒಯ್ಯಲಿಲ್ಲ.

ಇಲ್ಲಿಗೆ ಅಯಸ್ಕಾಂತ ಬರುತ್ತದೆ. ಕನ್ನಡದಲ್ಲಿ ಇದಕ್ಕೆ ಸೂಜಿಗಲ್ಲು ಎಂಬ ಚೆಲುವಾದ ಹೆಸರೂ ಇದೆ: ಸೂಜಿಯನ್ನು ಸೆಳೆಯುವ ಕಲ್ಲು. ಸೂಜಿ ಮಾಡಬೇಕಾದ ಕೆಲಸವನ್ನು ಈಗ ಆ ಕಲ್ಲೇ ಮಾಡಹೊರಟಿದೆ.

ಬಟ್ಟೆಗೆ ಹಚ್ಚುವ ಅಯಸ್ಕಾಂತಗಳಲ್ಲಿ ಮುಖ್ಯವಾಗಿ ಎರಡು ಬಗೆ. ಮೊದಲನೆಯದು ನಿಯೋಡಿಮಿಯಂ, ಕಬ್ಬಿಣ ಮತ್ತು ಬೋರಾನ್ ಸೇರಿದ ಗಟ್ಟಿ ಬಿಲ್ಲೆ. 1980ರ ದಶಕದ ಆರಂಭದಲ್ಲಿ ಜಪಾನಿನ ಮಸಾಟೊ ಸಗಾವಾ ಮತ್ತು ಅಮೆರಿಕದ ಜಾನ್ ಕ್ರೋಟ್ ಬೇರೆಬೇರೆಯಾಗಿ ಕಂಡುಕೊಂಡ ವಸ್ತು ಇದು. ಹೆಸರುಕಾಳಿನಷ್ಟು ದಪ್ಪದ ಬಿಲ್ಲೆ ಅಂಗಿಯ ಎರಡು ಪದರಗಳನ್ನು ಹಿಡಿದು ನಿಲ್ಲಿಸುತ್ತದೆ. ಅಮೆರಿಕದ ಮೋರಾ ಹಾರ್ಟನ್ ಎಂಬಾಕೆ ಇಂಥ ಬಿಲ್ಲೆಗಳಿಂದಲೇ ಅಂಗಿ ಹೊಲಿಸಿದರು. ಅವರ ಪತಿ ಡಾನ್ ಹಾರ್ಟನ್ ಅಮೆರಿಕನ್ ಫುಟ್‌ಬಾಲ್ ತರಬೇತುದಾರರಾಗಿದ್ದರು. ಪಾರ್ಕಿನ್ಸನ್ ಕಾಯಿಲೆಯಿಂದ ಬೆರಳು ನಡುಗಿ, ಪಂದ್ಯ ಮುಗಿದ ಮೇಲೆ ಅಂಗಿಯ ಗುಂಡಿ ಹಾಕಿಕೊಳ್ಳಲಾಗದೆ ನಿಂತಾಗ ತಂಡದ ಆಟಗಾರನೊಬ್ಬ ನೆರವಾಗಬೇಕಾಯಿತು. ಮನೆಗೆ ಬಂದು ಹೆಂಡತಿಗೆ ಅದನ್ನು ಹೇಳಿಕೊಂಡರು. ಧಾರವಾಡದ ಒಳಕೋಣೆಯ ನಾಚಿಕೆಯೂ ನಾರ್ತ್ ಕೆರೊಲಿನಾದ ಆ ನಾಚಿಕೆಯೂ ಒಂದೇ.

ಎರಡನೆಯದು ಬಾಗುವ ಪಟ್ಟಿ. ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ತೆಳು ಚಿತ್ರಗಳು ಇದೇ ಜಾತಿಯವು. ಕಬ್ಬಿಣದ ಆಕ್ಸೈಡಿಗೆ ಸ್ಟ್ರಾನ್ಷಿಯಂ ಅಥವಾ ಬೇರಿಯಂ ಸೇರಿಸಿ ಸುಟ್ಟ ಫೆರೈಟ್ ಪುಡಿಯನ್ನು ರಬ್ಬರಿನಲ್ಲೋ ಪ್ಲಾಸ್ಟಿಕ್ಕಿನಲ್ಲೋ ಕಲಸಿ ಹಾಳೆ ಮಾಡುತ್ತಾರೆ. ಅದರ ಮೈಮೇಲೆ ಉತ್ತರ, ದಕ್ಷಿಣ ಧ್ರುವಗಳು ಇಳಕಲ್ ಸೀರೆಯ ಪಟ್ಟೆಗಳಂತೆ ಒಂದರ ಪಕ್ಕ ಒಂದು ಬರುತ್ತವೆ. ಇಂದು ಮನೆಗೆ ಹೋದ ಮೇಲೆ ಅಂಥ ಎರಡು ಚಿತ್ರಗಳ ಬೆನ್ನಿಗೆ ಬೆನ್ನು ಹಚ್ಚಿ ಸರಿಸಿ ನೋಡಿ. ಒಂದು ದಿಕ್ಕಿನಲ್ಲಿ ಸಲೀಸಾಗಿ ಜಾರುತ್ತವೆ. ಇನ್ನೊಂದು ದಿಕ್ಕಿನಲ್ಲಿ ಮೆಟ್ಟಿಲು ಇಳಿದಂತೆ ತಡೆತಡೆದು ಹೋಗುತ್ತವೆ. ನಿಮ್ಮ ಬೆರಳು ಆಗ ಕಾಣದ ಪಟ್ಟೆಗಳನ್ನು ಎಣಿಸುತ್ತಿರುತ್ತದೆ.

ಈ ಪಟ್ಟಿ ಏಕೆ ಸದ್ದು ಮಾಡುವುದಿಲ್ಲ? ಗಟ್ಟಿ ಬಿಲ್ಲೆಗಳು ಕೊನೆಯ ಗಳಿಗೆಯಲ್ಲಿ ಒಂದರ ಮೇಲೊಂದು ಎಗರಿ 'ಟಕ್' ಎನ್ನುತ್ತವೆ. ಬಾಗುವ ಪಟ್ಟಿ ಒಂದು ತುದಿಯಿಂದ ಇನ್ನೊಂದು ತುದಿಗೆ ಉರುಳುತ್ತ ಕೂಡಿಕೊಳ್ಳುತ್ತದೆ. ಮೇಲೆ ಬಟ್ಟೆಯ ಹೊದಿಕೆಯಿದ್ದರೆ ಉಳಿದ ಸದ್ದನ್ನೂ ಅದು ನುಂಗುತ್ತದೆ. ಬಿಡಿಸುವಾಗಲೂ ಹಾಗೆಯೇ, ಬಾಳೆಹಣ್ಣಿನ ಸಿಪ್ಪೆ ಸುಲಿದಂತೆ. ಇಡೀ ಬಲವನ್ನು ಒಮ್ಮೆಲೇ ಎದುರಿಸಬೇಕಿಲ್ಲ. ಒಂದೊಂದು ಗೆರೆಯನ್ನು ಬಿಡಿಸಿದರೆ ಸಾಕು. ದುರ್ಬಲ ಕೈಗೆ ಇದು ವರ.

ಮಿತಿಗಳನ್ನೂ ಹೇಳಬೇಕು. ಫೆರೈಟ್ ಪಟ್ಟಿಯ ಬಲ ನಿಯೋಡಿಮಿಯಂ ಬಲದ ಮುಂದೆ ಬಲು ಚಿಕ್ಕದು. ಅದರ ಸೆಳೆತ ದೂರ ಹೋಗುವುದೂ ಇಲ್ಲ. ಉತ್ತರ, ದಕ್ಷಿಣದ ಒಂದು ಜೋಡಿ ಪಟ್ಟೆಯ ಅಗಲ 4 ಮಿಲಿಮೀಟರ್ ಇದ್ದರೆ, ಮೇಲ್ಮೈಯಿಂದ 2 ಮಿಲಿಮೀಟರ್ ದೂರದಲ್ಲಿಯೇ ಕಾಂತಕ್ಷೇತ್ರ ಸುಮಾರು 23ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ದಪ್ಪ ಬಟ್ಟೆ ನಡುವೆ ಬಂದರೆ ಹಿಡಿತ ಸಡಿಲ. ಅಲ್ಲದೆ ಅಯಸ್ಕಾಂತ ನೇರ ಎಳೆತವನ್ನು ತಡೆಯುವಷ್ಟು ಪಕ್ಕದ ಜಾರುವಿಕೆಯನ್ನು ತಡೆಯದು. ಬಿಗಿಯಾದ ಕುಬಸದ ಎಳೆತವೆಲ್ಲ ಪಕ್ಕದ ಎಳೆತವೇ. ಆದ್ದರಿಂದ ಒಳ್ಳೆಯ ವಿನ್ಯಾಸದಲ್ಲಿ ಭಾರ ಹೊರಲು ಬಟ್ಟೆಯ ಒಂದು ಮಡಿಕೆ ಅಥವಾ ಕೊಕ್ಕೆ ಇರುತ್ತದೆ. ಅಯಸ್ಕಾಂತ ದಾರಿ ತೋರಿಸುತ್ತದೆ ಅಷ್ಟೆ. ನಿಯೋಡಿಮಿಯಂ ಬಿಲ್ಲೆ ನೀರು ತಾಗಿದರೆ ತುಕ್ಕು ಹಿಡಿಯುತ್ತದೆ. ಸಾಮಾನ್ಯ ದರ್ಜೆಯದು 80 ಡಿಗ್ರಿ ಸೆಲ್ಸಿಯಸ್ ದಾಟಿದರೆ ಶಕ್ತಿ ಕಳೆದುಕೊಳ್ಳತೊಡಗುತ್ತದೆ. ಹತ್ತಿ ಬಟ್ಟೆಗೆ ಇಸ್ತ್ರಿ ಪೆಟ್ಟಿಗೆ ಕಾಯುವುದು ಅದರ ಎರಡು ಪಟ್ಟಿಗೂ ಹೆಚ್ಚು. ಅದರ ಹಿಂದೆ ಇನ್ನೊಂದು ಬೆಲೆಯೂ ಇದೆ. ಒಳಮಂಗೋಲಿಯಾದ ಬಾವೊಟೌ ನಗರದ ಬಳಿ ಈ ವಿರಳ ಲೋಹಗಳನ್ನು ಸಂಸ್ಕರಿಸಿ ಉಳಿದ, ಥೋರಿಯಂ ಬೆರೆತ ಕೆಸರು ದೊಡ್ಡ ಕೆರೆಯಾಗಿ ನಿಂತಿದೆ. ನಮ್ಮ ಅಂಗಿಯ ಮೌನಕ್ಕೆ ಯಾರದೋ ಊರಿನ ನೀರು ಬೆಲೆ ತೆರುತ್ತಿರಬಹುದು ಎಂಬ ಎಚ್ಚರ ನಮಗಿರಬೇಕು.

ಈಗ ನನ್ನ ತಪ್ಪನ್ನು ಹೇಳುತ್ತೇನೆ. ಮರುವರ್ಷ ಊರಿಗೆ ಹೋಗುವಾಗ ಸಿಲಿಕೋನ್ ಹೊದಿಸಿದ ನಿಯೋಡಿಮಿಯಂ ಪಟ್ಟಿಗಳ ಪೊಟ್ಟಣವೊಂದನ್ನು ಹೆಮ್ಮೆಯಿಂದ ಒಯ್ದೆ. ಅವ್ವನ ಕುಬಸ ಹೊಲಿಯುವ ಹೆಣ್ಣುಮಗಳನ್ನು ಕರೆಸಿ, ಹುಕ್ಕಿನ ಪಟ್ಟಿಯ ಒಳಗೆ ಇವನ್ನು ಇಟ್ಟು ಹೊಲಿಯಬೇಕೆಂದು ವಿವರಿಸಿದೆ. ಅವರು ಪಟ್ಟಿಯನ್ನು ತಿರುಗಿಸಿ ನೋಡಿದರು, ತಮ್ಮ ಕತ್ತರಿಗೆ ಅಂಟಿಸಿ ನೋಡಿದರು. ಆಮೇಲೆ ಸಂಕೋಚದಿಂದ ಕೇಳಿದರು: "ಅಕ್ಕಾರ, ಅಳತಿ ತಗೊಳ್ಳುಮುಂದ ಬಾಯಾರ ಎಡಗಡೆ ಎದಿ ಮ್ಯಾಲ ಒಂದು ಮಷೀನ ಕೈಗೆ ಹತ್ತತೈತ್ರಿ. ಈ ಸೂಜಿಗಲ್ಲು ಅದರ ಹತ್ತರನ ಬರತೈತಲ್ರಿ. ಏನೂ ಆಗಂಗಿಲ್ಲೇನ್ರಿ?"

ಅವ್ವನಿಗೆ ಪೇಸ್‌ಮೇಕರ್ ಹಾಕಿ ನಾಲ್ಕು ವರ್ಷವಾಗಿತ್ತು.

ಹತ್ತಿರ ಬಂದ ಅಯಸ್ಕಾಂತದ ಕ್ಷೇತ್ರ ಸುಮಾರು 1 ಮಿಲಿಟೆಸ್ಲಾ ಮೀರಿದರೆ ಪೇಸ್‌ಮೇಕರ್ ಹೃದಯದ ಸ್ವಂತ ಬಡಿತವನ್ನು ಗಮನಿಸುವುದನ್ನು ನಿಲ್ಲಿಸಿ ಒಂದೇ ವೇಗದಲ್ಲಿ ಮಿಡಿಯತೊಡಗಬಹುದು. ಬಲವಾದ ಅಯಸ್ಕಾಂತವಿರುವ ಫೋನು, ಗಡಿಯಾರಗಳನ್ನು ಅದರಿಂದ 15 ಸೆಂಟಿಮೀಟರ್ ದೂರವಿಡಿ ಎಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2021ರಲ್ಲಿ ಸಲಹೆ ಕೊಟ್ಟಿದೆ. ಇದನ್ನು ನಾನು ವಿದ್ಯಾರ್ಥಿಗಳಿಗೆ ಪಾಠ ಮಾಡಿದ್ದೇನೆ. ಪೊಟ್ಟಣದ ಒಳಗಿನ ಚೀಟಿಯಲ್ಲಿಯೂ ಸಣ್ಣ ಅಕ್ಷರದ ಜರ್ಮನ್ ಮತ್ತು ಇಂಗ್ಲಿಷಿನಲ್ಲಿ ಅಚ್ಚಾಗಿತ್ತು. ನಾನು ಬಿಡಿಸಿ ನೋಡಿರಲಿಲ್ಲ. ಅವ್ವ ಬಿಡಿಸಿ ನೋಡಿದ್ದರೂ ಕನ್ನಡ ಶಾಲೆಯ ಆ ಶಿಕ್ಷಕಿಗೆ ಅದು ತಿಳಿಯುತ್ತಿರಲಿಲ್ಲ. ವಸ್ತುವನ್ನು ಬಲ್ಲ ನನ್ನನ್ನು ಆ ದಿನ ಉಳಿಸಿದ್ದು ಮೈಯನ್ನು ಬಲ್ಲ ಒಬ್ಬ ದರ್ಜಿಯ ಕೈ.

ಕುಬಸಕ್ಕೆ ಪರಿಹಾರವನ್ನೂ ಅವರೇ ಕಂಡುಹಿಡಿದರು. ದೊಡ್ಡ ಚಪ್ಪಟೆ ಗುಂಡಿ, ಅದರ ಮೇಲೆ ಅಗಲವಾದ ಎಲಾಸ್ಟಿಕ್ ಕುಣಿಕೆ. ಬೆರಳಿನಿಂದ ಚಿವುಟಬೇಕಿಲ್ಲ; ಅಂಗೈಯಿಂದ ತಳ್ಳಿದರೆ ಕೂರುತ್ತದೆ. ಮೂರು ಗುಂಡಿ, ಹತ್ತು ನಿಮಿಷ. ಬಾಗಿಲು ಹಾಕಿಕೊಂಡು ಅವ್ವ ತಾನೇ ತೊಟ್ಟು ಬಂದಳು. ಬಾಗುವ ಫೆರೈಟ್ ಪಟ್ಟಿ, ಹೃದ್ರೋಗ ತಜ್ಞರನ್ನು ಕೇಳಿದ ಮೇಲೆ, ಅವಳ ಕೈಚೀಲದ ಬಾಯಿಗೆ ಹೋಯಿತು. ಎಟಿಎಂ ಕಾರ್ಡಿಗೆ ದೂರದಲ್ಲೊಂದು ಬೇರೆ ಜೇಬು ಇಟ್ಟೆವು.

ಗೆಳೆಯರೇ, 1970ರ ದಶಕದಲ್ಲಿ ಬ್ರಿಟನ್ನಿನ ಅಂಗವಿಕಲರ ಚಳವಳಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಿತು: ಮನುಷ್ಯರನ್ನು ಅಸಹಾಯಕರನ್ನಾಗಿ ಮಾಡುವುದು ಬಹುಪಾಲು ಅವರ ದೇಹವಲ್ಲ, ಅವರನ್ನು ಲೆಕ್ಕಕ್ಕೆ ಹಿಡಿಯದೆ ಕಟ್ಟಿದ ಸಮಾಜ. ಭಾರತದ 2016ರ ವಿಕಲಚೇತನರ ಹಕ್ಕುಗಳ ಕಾಯಿದೆ 21 ಬಗೆಯ ವೈಕಲ್ಯಗಳನ್ನು ಪಟ್ಟಿ ಮಾಡಿದೆ, ಪಾರ್ಕಿನ್ಸನ್ ಅದರಲ್ಲಿದೆ. ಎಲ್ಲರೂ ಬಳಸಬಲ್ಲಂಥ ವಿನ್ಯಾಸದ ವ್ಯಾಖ್ಯೆಯೂ ಅದರಲ್ಲಿದೆ. ಕಟ್ಟಡಕ್ಕೆ ಇಳಿಜಾರು ಹಾದಿ ಬೇಕೆಂಬುದು ನಮಗೆ ಈಗೀಗ ಅರ್ಥವಾಗುತ್ತಿದೆ. ಕುಬಸಕ್ಕೂ ಇಳಿಜಾರು ಬೇಕು ಎಂಬುದು ಇನ್ನೂ ಅರ್ಥವಾಗಬೇಕಿದೆ.

ನನ್ನ ಕೋರಿಕೆ ಎರಡೇ. ದೂರದ ಊರಿನಿಂದ ತಂದೆತಾಯಿಗೆ ಸಾಧನಗಳನ್ನು ಕಳಿಸುವ ನಾವು, ಪೆಟ್ಟಿಗೆ ಕಟ್ಟುವ ಮೊದಲು ಅದರ ಎಚ್ಚರಿಕೆಯ ಚೀಟಿಯನ್ನು ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ ಬರೆದು ಒಳಗಿಡೋಣ. ಅನುವಾದವೆಂದರೆ ಕಾವ್ಯ, ಕಾದಂಬರಿಗಳದು ಮಾತ್ರ ಎಂದು ನಾವು ತಿಳಿದಿರಬೇಕಿಲ್ಲ. ಮತ್ತು, ಏನು ಬೇಕೆಂದು ನಿರ್ಧರಿಸುವ ಮೊದಲು ತೊಡುವವರನ್ನೂ ಹೊಲಿಯುವವರನ್ನೂ ಕೇಳೋಣ. ನಾನು ಮೊದಲ ಸಲ ಕೇಳಿರಲಿಲ್ಲ.

ಕಳೆದ ತಿಂಗಳು ಅವ್ವನ ಫೋನು ಬಂದಿತ್ತು. ಸಂಘದ ಉಪನ್ಯಾಸಕ್ಕೆ ಹೋಗಿದ್ದಳಂತೆ. ಭಾಷಣ ಹೇಗಿತ್ತು ಎಂದು ಕೇಳಿದೆ. ಅದನ್ನು ಬಿಟ್ಟು ಅವಳು ಬೇರೆಯದನ್ನೇ ಹೇಳಿದಳು: "ನಡುವ ಚೀಲಾ ತಗದು ಗುಳಗಿ ತಗೊಂಡ್ನಿ. ಯಾರೂ ತಿರುಗಿ ನೋಡ್ಲಿಲ್ಲ."