ನಗದೆ ನಗಿಸಿದ ಅತಿಥಿಗಳು



ನ್ಯೂಯಾರ್ಕ್ ನಗರದ ರಾಕ್‌ಫೆಲರ್ ಸೆಂಟರ್‌ನಲ್ಲಿ '8ಎಚ್' ಎಂಬ ಹೆಸರಿನ ಒಂದು ದೊಡ್ಡ ಸ್ಟುಡಿಯೋ ಇದೆ. 1933ರಲ್ಲಿ ಎನ್‌ಬಿಸಿ ಸಂಸ್ಥೆ ಅದನ್ನು ಕಟ್ಟಿದ್ದು ರೇಡಿಯೋಗಾಗಿ. 1937ರ ಕ್ರಿಸ್‌ಮಸ್ ರಾತ್ರಿ ಮಹಾನ್ ಸಂಗೀತ ನಿರ್ದೇಶಕ ಆರ್ತುರೋ ಟೊಸ್ಕನಿನಿ ಎನ್‌ಬಿಸಿ ವಾದ್ಯವೃಂದವನ್ನು ಮೊದಲ ಬಾರಿಗೆ ನಡೆಸಿದ್ದು ಅಲ್ಲಿಯೇ. ಮುಂದೆ ಟೆಲಿವಿಷನ್ ಬಂತು, ಅದೇ ಜಾಗಕ್ಕೆ ಕ್ಯಾಮೆರಾಗಳೂ ಬಂದವು. 1975ರ ಅಕ್ಟೋಬರ್ 11ರ ಶನಿವಾರ ರಾತ್ರಿ ಹನ್ನೊಂದೂವರೆಗೆ ಅಲ್ಲಿಂದ ಒಂದು ಹಾಸ್ಯ ಕಾರ್ಯಕ್ರಮ ನೇರ ಪ್ರಸಾರವಾಯಿತು. ಇಂದು ಜಗತ್ತು ಅದನ್ನು 'ಸ್ಯಾಟರ್ಡೇ ನೈಟ್ ಲೈವ್' ಎಂದು ಕರೆಯುತ್ತದೆ.

ಕಾರ್ಯಕ್ರಮದ ಕಟ್ಟು ಸರಳ. ಒಂದೂವರೆ ಗಂಟೆ ಕಿರು ಪ್ರಹಸನಗಳು, ನಡುವೆ ಹಾಡು. ಖಾಯಂ ನಟರ ತಂಡ ಇರುತ್ತದೆ, ಆದರೆ ಪ್ರತಿ ವಾರವೂ ಹೊರಗಿನಿಂದ ಒಬ್ಬ ಪ್ರಸಿದ್ಧ ವ್ಯಕ್ತಿ ಅತಿಥಿ ನಿರೂಪಕನಾಗಿ ಬರುತ್ತಾನೆ. ನಮ್ಮ ಜಾತ್ರೆಗಳಲ್ಲಿ ಟೆಂಟ್ ಹಾಕುವ ನಾಟಕ ಕಂಪನಿಗಳು ಸಿನಿಮಾ ತಾರೆಯನ್ನು ಅತಿಥಿ ಕಲಾವಿದರಾಗಿ ಕರೆಸಿ, ಅವರ ಹೆಸರನ್ನು ಪೋಸ್ಟರಿನಲ್ಲಿ ದಪ್ಪಕ್ಷರದಲ್ಲಿ ಹಾಕಿಸುವುದನ್ನು ನೀವು ಕಂಡಿರುತ್ತೀರಿ; ಇದೂ ಅದೇ ಬಗೆಯದು. ವ್ಯತ್ಯಾಸವೆಂದರೆ ಇಲ್ಲಿಗೆ ಬರುವವರು ನಟರೇ ಆಗಿರಬೇಕೆಂದಿಲ್ಲ. ಫುಟ್‌ಬಾಲ್ ಆಟಗಾರರು, ಗಾಯಕರು, ಕುಸ್ತಿಪಟುಗಳು, ರಾಜಕಾರಣಿಗಳು ಬಂದಿದ್ದಾರೆ. ಇವರಲ್ಲಿ ಕೆಲವರು ಯಾರೂ ನಿರೀಕ್ಷಿಸದ ರೀತಿಯಲ್ಲಿ ಅದ್ಭುತವಾಗಿ ನಗಿಸಿದರು, ನಗಿಸುವುದೇ ಕಸುಬಾದ ಕೆಲವರು ಸೋತರು. ಹೀಗೇಕಾಗುತ್ತದೆ ಎಂಬುದನ್ನು ಇತಿಹಾಸದ ಜಾಡು ಹಿಡಿದು ನೋಡಬೇಕೆಂಬುದು ನನ್ನ ಆಸೆ. ಆ ಜಾಡು ಶುರುವಾಗುವುದು ರೇಡಿಯೋದಲ್ಲಿ ಎಂಬುದು ನನಗೆ ಬಹಳ ಸಂತೋಷದ ಸಂಗತಿ.

1940ರ ದಶಕದಲ್ಲಿ ಅಮೆರಿಕದ ರೇಡಿಯೋ ಹಾಸ್ಯದ ದೊರೆ ಜ್ಯಾಕ್ ಬೆನ್ನಿ. ಆತ ರೇಡಿಯೋದಲ್ಲಿ ಕಟ್ಟಿಕೊಂಡಿದ್ದ ಪಾತ್ರ ಒಬ್ಬ ಜಿಪುಣನದು. 1945ರ ಕೊನೆಯಲ್ಲಿ ಆತನ ಕಾರ್ಯಕ್ರಮಕ್ಕೆ ರೊನಾಲ್ಡ್ ಕೋಲ್ಮನ್ ಎಂಬ ಇಂಗ್ಲಿಷ್ ನಟ ಬಂದರು, ಜೊತೆಗೆ ಅವರ ಪತ್ನಿ ಬೆನಿಟಾ ಹ್ಯೂಮ್. ಕೋಲ್ಮನ್ ಎಂದರೆ 'ಎ ಟೇಲ್ ಆಫ್ ಟೂ ಸಿಟೀಸ್', 'ಲಾಸ್ಟ್ ಹೊರೈಜನ್' ಚಿತ್ರಗಳ ಗಂಭೀರ ನಾಯಕ, ಸಭ್ಯತೆಯೇ ಮೈವೆತ್ತ ಮನುಷ್ಯ, ರೇಷ್ಮೆಯಂಥ ದನಿ. ಇಲ್ಲಿ ಗಂಡ ಹೆಂಡತಿ ಇಬ್ಬರಿಗೂ ಜ್ಯಾಕ್ ಬೆನ್ನಿಯ ಪಕ್ಕದ ಮನೆಯವರ ಪಾತ್ರ. ಕೊಂಡೊಯ್ದದ್ದನ್ನು ಹಿಂದಿರುಗಿಸದ, ಕರೆಯದಿದ್ದರೂ ಬಂದು ಕೂರುವ ನೆರೆಯವನನ್ನು ಸಹಿಸಿಕೊಳ್ಳುವುದೇ ಅವರ ಪಾಡು. ಕೋಲ್ಮನ್ ಒಂದೇ ಒಂದು ಜೋಕು ಹೇಳಿದಂತೆ ಕಾಣುವುದಿಲ್ಲ. ಅವರು ನರಳುತ್ತಾರೆ, ಅಷ್ಟೇ. ಅಷ್ಟು ಸುಸಂಸ್ಕೃತ ದನಿ ಹಾಗೆ ನರಳುವುದನ್ನು ಕೇಳಿ ದೇಶವೇ ನಕ್ಕಿತು.

1948ರ ಮಾರ್ಚ್‌ನಲ್ಲಿ ಕೋಲ್ಮನ್‌ಗೆ 'ಎ ಡಬಲ್ ಲೈಫ್' ಚಿತ್ರಕ್ಕಾಗಿ ನಿಜವಾಗಿಯೇ ಆಸ್ಕರ್ ಬಂತು. ಬೆನ್ನಿಯ ಬರಹಗಾರರು ಅದನ್ನು ಬಿಟ್ಟಾರೆಯೇ? ಕೆಲವೇ ದಿನಗಳಲ್ಲಿ ಬೆನ್ನಿ ಆ ಪ್ರಶಸ್ತಿಯನ್ನು ಕಡ ತಂದು ಮನೆಗೆ ನಡೆಯುವಾಗ ಕಳ್ಳನೊಬ್ಬ ಅಡ್ಡಗಟ್ಟುವ ಪ್ರಸಂಗ ಪ್ರಸಾರವಾಯಿತು. ಹಣವೋ ಪ್ರಾಣವೋ ಎಂದು ಕಳ್ಳ ಕೇಳುತ್ತಾನೆ. ಬೆನ್ನಿ ಮಾತಾಡುವುದಿಲ್ಲ. ಪ್ರೇಕ್ಷಕರ ನಗು ಏರುತ್ತಾ ಹೋಗುತ್ತದೆ. ಕಳ್ಳ ಮತ್ತೆ ಗದರಿಸಿದಾಗ, ಯೋಚಿಸುತ್ತಿದ್ದೇನೆ ಎಂದು ರೇಗುತ್ತಾನೆ. ಜಿಪುಣನಿಗೆ ಅದು ನಿಜಕ್ಕೂ ಕಷ್ಟದ ಆಯ್ಕೆ! ಅಮೆರಿಕದ ರೇಡಿಯೋ ಇತಿಹಾಸದ ಅತಿ ಪ್ರಸಿದ್ಧ ಮೌನ ಹುಟ್ಟಿದ್ದು ಒಬ್ಬ ಗಂಭೀರ ನಟನ ಪ್ರಶಸ್ತಿಯ ನೆಪದಲ್ಲಿ. ಮುಂದೆ 1950ರಲ್ಲಿ ಕೋಲ್ಮನ್ ದಂಪತಿ 'ದಿ ಹಾಲ್ಸ್ ಆಫ್ ಐವಿ' ಎಂಬ ತಮ್ಮದೇ ರೇಡಿಯೋ ಹಾಸ್ಯ ಸರಣಿಯನ್ನು ಆರಂಭಿಸಿದರು.

ಇಪ್ಪತ್ತು ವರ್ಷ ದಾಟಿ ಲಂಡನ್‌ಗೆ ಬರೋಣ. 1971ರ ಕ್ರಿಸ್‌ಮಸ್ ದಿನ, ಬಿಬಿಸಿ ಟೆಲಿವಿಷನ್‌ನಲ್ಲಿ ಎರಿಕ್ ಮೊರ್ಕಮ್ ಮತ್ತು ಅರ್ನಿ ವೈಸ್ ಎಂಬ ಹಾಸ್ಯಗಾರರ ಜೋಡಿಯ ವಿಶೇಷ ಕಾರ್ಯಕ್ರಮ. ಅತಿಥಿ, ಲಂಡನ್ ಸಿಂಫನಿ ಆರ್ಕೆಸ್ಟ್ರಾದ ಮುಖ್ಯ ಸಂಗೀತ ನಿರ್ದೇಶಕ ಆಂದ್ರೆ ಪ್ರೆವಿನ್. ಎರಿಕ್ ಅವರ ಹೆಸರನ್ನೇ ಕೆಡಿಸಿ 'ಆಂಡ್ರೂ ಪ್ರಿವ್ಯೂ' ಎನ್ನುತ್ತಾರೆ, ಸಂಗೀತ ರಚನಕಾರ ಗ್ರೀಗ್‌ನ ಪಿಯಾನೋ ಕೃತಿಯನ್ನು ನುಡಿಸುತ್ತೇನೆಂದು ಕೂತು ಏನೇನೋ ಬಾರಿಸುತ್ತಾರೆ, ಪ್ರೆವಿನ್ ತಪ್ಪು ತೋರಿಸಿದರೆ ಅವರ ಕಾಲರ್ ಹಿಡಿದು, ಸ್ವರಗಳೆಲ್ಲ ಸರಿಯಾಗಿಯೇ ಇವೆ, ಅನುಕ್ರಮ ಮಾತ್ರ ಬೇರೆ ಇರಬಹುದು ಎಂದು ವಾದಿಸುತ್ತಾರೆ. ಆ ಹೊತ್ತಿನಲ್ಲಿ ಪ್ರೆವಿನ್ ಅವರ ಮುಖ ನೋಡಬೇಕು. ಒಬ್ಬ ಸಂಗೀತಗಾರನಿಗೆ ಆಗಬೇಕಾದ ನಿಜವಾದ ಸಂಕಟ ಅಲ್ಲಿದೆ. ತಾಯಿಗೆ ಕಾಯಿಲೆಯಾಗಿ ಅಮೆರಿಕಕ್ಕೆ ಹೋಗಿದ್ದ ಅವರಿಗೆ ತಾಲೀಮಿಗೆ ಸಮಯವೇ ಸಿಕ್ಕಿರಲಿಲ್ಲ. ವಿಮಾನ ನಿಲ್ದಾಣದಿಂದ ಬರುವ ಟ್ಯಾಕ್ಸಿಯಲ್ಲಿ ಕೂತು ಮಾತುಗಳನ್ನು ಬಾಯಿಪಾಠ ಮಾಡಿದರು. ನಾವು ಮಾಡುತ್ತಿರುವುದು ತಮಾಷೆಯದು ಎಂದು ನಮ್ಮಲ್ಲಿ ಯಾರಿಗೂ ಅನ್ನಿಸಕೂಡದು ಎಂಬುದೊಂದೇ ಆ ಜೋಡಿ ಹಾಕಿದ ಷರತ್ತು ಎಂದು ಪ್ರೆವಿನ್ ಮುಂದೆ ನೆನೆಸಿಕೊಂಡಿದ್ದಾರೆ. ಈ ಮಾತು ನನಗೆ ಇಡೀ ವಿಷಯದ ಬೀಗದ ಕೈ. ಎಷ್ಟೋ ವರ್ಷಗಳ ಮೇಲೂ ಲಂಡನ್ನಿನ ಟ್ಯಾಕ್ಸಿ ಚಾಲಕರು ಅವರನ್ನು 'ಮಿಸ್ಟರ್ ಪ್ರಿವ್ಯೂ' ಎಂದೇ ಕರೆಯುತ್ತಿದ್ದರಂತೆ.

ಈಗ 8ಎಚ್‌ಗೆ ಹಿಂದಿರುಗೋಣ. ಕೆನಡಾದಿಂದ ಬಂದ ಲಾರ್ನ್ ಮೈಕಲ್ಸ್ ಎಂಬ ಯುವಕ ಕಟ್ಟಿದ ಕಾರ್ಯಕ್ರಮಕ್ಕೆ ಮೊದಲ ನಿರೂಪಕನಾಗಿ ಬಂದದ್ದು ಹಾಸ್ಯಗಾರ ಜಾರ್ಜ್ ಕಾರ್ಲಿನ್. ಆತ ತನ್ನ ಏಕಪಾತ್ರ ಹಾಸ್ಯವನ್ನಷ್ಟೇ ಮಾಡಿದ, ಪ್ರಹಸನಗಳಲ್ಲಿ ಕಾಣಿಸಿಕೊಳ್ಳಲೇ ಇಲ್ಲ. ನಾಲ್ಕನೆಯ ಸಂಚಿಕೆಗೆ ಕ್ಯಾಂಡಿಸ್ ಬರ್ಗನ್ ಬಂದರು, ಮೊದಲ ಮಹಿಳಾ ನಿರೂಪಕಿ. ಚೆಲುವೆ, ಛಾಯಾಗ್ರಾಹಕಿ, ಸಿನಿಮಾಗಳಲ್ಲಿ ತುಸು ದೂರ ನಿಂತಂತೆ ಕಾಣುತ್ತಿದ್ದ ನಟಿ. ಹಾಸ್ಯಕ್ಕೂ ಅವರಿಗೂ ಎಲ್ಲಿಯ ನಂಟು ಎಂದು ಜನ ಅಂದುಕೊಂಡಿರಬೇಕು. ನಂಟು ರಕ್ತದಲ್ಲೇ ಇತ್ತು. ಅವರ ತಂದೆ ಎಡ್ಗರ್ ಬರ್ಗನ್, ಚಾರ್ಲಿ ಮೆಕಾರ್ಥಿ ಎಂಬ ಗೊಂಬೆಯನ್ನು ಮಾತಾಡಿಸುತ್ತಿದ್ದ ಕಲಾವಿದ. ತುಟಿ ಅಲ್ಲಾಡಿಸದೆ ಮಾತಾಡುವ ಆ ವಿದ್ಯೆಯಿಂದ, ತುಟಿಯೇ ಕಾಣದ ರೇಡಿಯೋದಲ್ಲಿ, ಆತ ಮನೆಮಾತಾಗಿದ್ದ! ಮಗಳು ಅದೇ ವರ್ಷದ ಕ್ರಿಸ್‌ಮಸ್ ಸಂಚಿಕೆಗೆ ಮತ್ತೆ ಬಂದರು, ಎರಡನೆಯ ಬಾರಿ ನಿರೂಪಿಸಿದವರಲ್ಲಿ ಅವರೇ ಮೊದಲಿಗರು. 1976ರ ಒಂದು ಪ್ರಹಸನದಲ್ಲಿ ಅವರು ಹೆಸರು ತಪ್ಪಿ ಹೇಳಿ ನಗು ತಡೆಯಲಾರದೆ ಹೋದಾಗ, ಜೊತೆಗಿದ್ದ ಖಾಯಂ ತಂಡದ ನಟಿ ಗಿಲ್ಡಾ ರಾಡ್ನರ್ ಆ ತಪ್ಪನ್ನೇ ಮಾತಾಗಿಸಿಕೊಂಡು ದಾಟಿಸಿದರು. 1988ರಲ್ಲಿ 'ಮರ್ಫಿ ಬ್ರೌನ್' ಎಂಬ ಟೆಲಿವಿಷನ್ ಹಾಸ್ಯ ಸರಣಿ ಶುರುವಾಗಿ, ಅದಕ್ಕಾಗಿ ಬರ್ಗನ್ ಐದು ಎಮ್ಮಿ ಪ್ರಶಸ್ತಿ ಗೆದ್ದರು.

ಆ ಮೊದಲ ವರ್ಷಗಳಲ್ಲಿ ಬಾಗಿಲು ಎಲ್ಲರಿಗೂ ತೆರೆದಿತ್ತು. 1976ರ ಏಪ್ರಿಲ್‌ನಲ್ಲಿ ಅಮೆರಿಕದ ಅಧ್ಯಕ್ಷ ಫೋರ್ಡ್ ಅವರ ಪತ್ರಿಕಾ ಕಾರ್ಯದರ್ಶಿ ರಾನ್ ನೆಸೆನ್ ನಿರೂಪಿಸಿದರು. 1977ರ ಜನವರಿಯಲ್ಲಿ ಅಮೆರಿಕನ್ ಫುಟ್‌ಬಾಲ್ ಆಟಗಾರ ಫ್ರಾನ್ ಟಾರ್ಕೆಂಟನ್ ಬಂದರು, ಇಲ್ಲಿ ನಿಂತ ಮೊದಲ ಕ್ರೀಡಾಪಟು. ಮೂರು ವಾರಗಳ ಹಿಂದಷ್ಟೇ ಅವರ ತಂಡ ಆ ಆಟದ ಅಂತಿಮ ಪಂದ್ಯವಾದ ಸೂಪರ್ ಬೌಲ್ ಸೋತಿತ್ತು. ಅದೇ ವರ್ಷದ ಡಿಸೆಂಬರ್‌ನಲ್ಲಿ, ಯಾರು ಬೇಕಾದರೂ ನಿರೂಪಿಸಬಹುದೆಂಬ ಸ್ಪರ್ಧೆ ಗೆದ್ದು, ನ್ಯೂ ಆರ್ಲಿಯನ್ಸ್‌ನ ಎಂಬತ್ತು ವರ್ಷದ ಅಜ್ಜಿಯೊಬ್ಬರು ವೇದಿಕೆ ಏರಿದರು.

ಹಾಸ್ಯ ಕಸುಬಲ್ಲದ ಈ ಅತಿಥಿಗಳಿಗೆ ಎದುರಾಗಿ ನಿಲ್ಲುವ ಹೆಸರು ಮಿಲ್ಟನ್ ಬರ್ಲ್. 1948ರಿಂದ ಅಮೆರಿಕದ ಮನೆಮನೆಗೆ ಟೆಲಿವಿಷನ್ ತಂದವನೆಂದೇ ಹೆಸರಾದ ದೈತ್ಯ ಹಾಸ್ಯಗಾರ. 1979ರ ಏಪ್ರಿಲ್‌ನಲ್ಲಿ ಬಂದ ಅವರು ತಂಡದ ಮಾತು ಕೇಳಲಿಲ್ಲ. ಬೇರೆಯವರ ಸಾಲುಗಳ ನಡುವೆ ತಮ್ಮ ಹಳೆಯ ಚೇಷ್ಟೆ ತುರುಕಿದರು, ಕೊನೆಗೆ ಭಾವುಕ ಹಾಡೊಂದನ್ನು ಹಾಡಿ, ತಮ್ಮವರನ್ನೇ ಪ್ರೇಕ್ಷಕರಲ್ಲಿ ಕೂರಿಸಿ ಎದ್ದು ನಿಂತು ಚಪ್ಪಾಳೆ ಹೊಡೆಸಿಕೊಂಡರು. ಆ ಸಂಚಿಕೆಯ ಮರುಪ್ರಸಾರವನ್ನು ಮೈಕಲ್ಸ್ ಬಹುಕಾಲ ತಡೆಹಿಡಿದರು. ಬರ್ಲ್ ದೊಡ್ಡ ಕಲಾವಿದರೇ, ಆ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಅಲ್ಲಿ ಬೇಕಾಗಿದ್ದದ್ದು ದೊಡ್ಡವನಲ್ಲ, ತಂಡದೊಳಗೆ ಒಬ್ಬನಾಗಬಲ್ಲವನು.

ಏಕೆಂದು ತಿಳಿಯಬೇಕಾದರೆ ಆ ವಾರ ಹೇಗೆ ನಡೆಯುತ್ತದೆಂದು ನೋಡಬೇಕು. ಸೋಮವಾರ ಸಂಜೆ ಅತಿಥಿ ಮೈಕಲ್ಸ್ ಅವರ ಕೋಣೆಗೆ ಬರುತ್ತಾನೆ, ಬರಹಗಾರರು ನೆಲದ ಮೇಲೆಲ್ಲ ಕೂತು ತಮ್ಮ ಆಲೋಚನೆಗಳನ್ನು ಹೇಳುತ್ತಾರೆ. ಮಂಗಳವಾರ ರಾತ್ರಿಯಿಡೀ, ಬೆಳಗಿನ ಜಾವದವರೆಗೂ ಬರೆಯುತ್ತಾರೆ. ಬುಧವಾರ ಸುಮಾರು ನಲವತ್ತು ಪ್ರಹಸನಗಳನ್ನು ಒಂದೇ ಮೇಜಿನ ಸುತ್ತ ಕೂತು ಗಟ್ಟಿಯಾಗಿ ಓದುತ್ತಾರೆ. ಬಹುಪಾಲು ಅಲ್ಲೇ ಸಾಯುತ್ತವೆ. ಉಳಿದವಕ್ಕೆ ಎರಡೇ ದಿನದಲ್ಲಿ ಸೆಟ್ಟು, ಉಡುಪು, ತಾಲೀಮು. ಶನಿವಾರ ರಾತ್ರಿ ಎಂಟಕ್ಕೆ ಪ್ರೇಕ್ಷಕರ ಮುಂದೆಯೇ ಪೂರ್ಣ ತಾಲೀಮು. ಅದಾದ ಮೇಲೂ ಕೆಲವನ್ನು ಕಿತ್ತು ಹಾಕುತ್ತಾರೆ, ಮಾತುಗಳನ್ನು ಬದಲಿಸುತ್ತಾರೆ. ಕೈಬರಹದ ದೊಡ್ಡ ರಟ್ಟುಗಳ ಮೇಲೆ ಹೊಸ ಸಾಲು ಬರೆದು ಕ್ಯಾಮೆರಾ ಪಕ್ಕ ಹಿಡಿಯುತ್ತಾರೆ. ಅತಿಥಿ ಒಂದು ವೇಷ ಕಳಚಿ ಇನ್ನೊಂದು ತೊಟ್ಟು ಓಡಿ ಬಂದು, ತಾನು ಹಿಂದೆಂದೂ ಓದಿರದ ಮಾತನ್ನು ಲಕ್ಷಾಂತರ ಜನರ ಮುಂದೆ ಹೇಳಬೇಕು. ಇಷ್ಟರಲ್ಲಿ ತನ್ನ ಘನತೆಯ ಲೆಕ್ಕ ಇಡುವವನು ಉಳಿಯಲಾರ. ದಿನವೂ ಕೋಚ್ ಹೇಳಿದ್ದನ್ನು ಕೇಳಿ ರೂಢಿಯಿರುವ ಆಟಗಾರ, ಎಣಿಕೆಗೆ ಹೆಜ್ಜೆಯಿಟ್ಟು ಬೆಳೆದ ನರ್ತಕ, ತಪ್ಪಿದರೂ ನಿಲ್ಲದೆ ಮುಂದಿನ ಸಾಲಿಗೆ ಹೋಗುವ ಗಾಯಕ ಉಳಿಯುತ್ತಾರೆ.

1990ರಲ್ಲಿ ಈ ಮಾತಿಗೆ ಎರಡು ಒಳ್ಳೆಯ ಸಾಕ್ಷ್ಯಗಳು ಸಿಕ್ಕವು. ಬ್ಯಾಲೆ ಕಲಿತಿದ್ದ ನಟ ಪ್ಯಾಟ್ರಿಕ್ ಸ್ವೇಜಿ, ತಂಡಕ್ಕೆ ಹೊಸದಾಗಿ ಸೇರಿದ್ದ ಸ್ಥೂಲಕಾಯದ ಕ್ರಿಸ್ ಫಾರ್ಲಿಯ ಜೊತೆ, ಪುರುಷ ನರ್ತಕರ ಕೆಲಸಕ್ಕೆ ಸ್ಪರ್ಧಿಸುವ ಪ್ರಹಸನದಲ್ಲಿ ಕುಣಿದರು. ಎದುರಾಳಿ ತನಗಿಂತ ಚೆನ್ನಾಗಿ ಕುಣಿದುಬಿಟ್ಟಾನು ಎಂಬ ಆತಂಕವನ್ನು ಅವರು ನಿಜವೆಂಬಂತೆ ಮುಖದಲ್ಲಿ ಹೊತ್ತರು. ಫಾರ್ಲಿಯ ದೇಹವನ್ನೇ ನಗೆಗೆ ಗುರಿ ಮಾಡಿತೆಂದು ಆ ಪ್ರಹಸನದ ಮೇಲೆ ಆಕ್ಷೇಪವಿದೆ. ನನಗೂ ಅದು ನ್ಯಾಯವೆನಿಸುತ್ತದೆ. ಆದರೆ ಸ್ವೇಜಿ ಮಾತ್ರ ಅವನನ್ನು ಒಂದು ಕ್ಷಣವೂ ಕೀಳಾಗಿ ನೋಡಲಿಲ್ಲ.

ಅದೇ ವರ್ಷದ ಜನವರಿಯಲ್ಲಿ ಬಂದವರು ಕ್ರಿಸ್ಟೋಫರ್ ವಾಕನ್. ನ್ಯೂಯಾರ್ಕ್‌ನ ಕ್ವೀನ್ಸ್‌ನಲ್ಲಿ ಬೇಕರಿ ಇಟ್ಟಿದ್ದವರ ಮಗ, ನೃತ್ಯ ಕಲಿತು ಬೆಳೆದವರು, 'ದಿ ಡಿಯರ್ ಹಂಟರ್'ಗೆ ಆಸ್ಕರ್ ಪಡೆದವರು. ತೆರೆಯ ಮೇಲೆ ಕಂಡರೆ ಬೆನ್ನು ತಣ್ಣಗಾಗುವಂಥ ಖಳ. ಜನ ಮರೆತಿದ್ದ ಒಂದು ಸಂಗತಿಯೆಂದರೆ, ಅವರು ಹುಡುಗನಾಗಿದ್ದಾಗಲೇ, 1950ರ ದಶಕದ ನೇರ ಪ್ರಸಾರದ ಟೆಲಿವಿಷನ್‌ನಲ್ಲಿ ನಟಿಸಿದ್ದರು. ಈ ಅವಸರ ಅವರಿಗೆ ಹೊಸದಲ್ಲ. ತಮಗೆ ಬಂದ ಸಂಭಾಷಣೆಗಳಲ್ಲಿ ಅಲ್ಪವಿರಾಮ, ಪೂರ್ಣವಿರಾಮಗಳನ್ನು ಅವರು ಹೊಡೆದು ಹಾಕುತ್ತಾರೆ. ಎಲ್ಲಿ ನಿಲ್ಲಬೇಕೆಂದು ತಾವೇ ಗೊತ್ತುಮಾಡುತ್ತಾರೆ. ಆ ಅನಿರೀಕ್ಷಿತ ನಿಲುಗಡೆಗಳೇ ಇಲ್ಲಿ ಚಿನ್ನವಾದವು. 2000ದ ಏಪ್ರಿಲ್ 8ರಂದು ಬಂದ ಪ್ರಹಸನದಲ್ಲಿ ಅವರು ಒಬ್ಬ ಸಂಗೀತ ನಿರ್ಮಾಪಕ. ರಾಕ್ ತಂಡವೊಂದರ ಧ್ವನಿಮುದ್ರಣದಲ್ಲಿ, ಖಾಯಂ ತಂಡದ ವಿಲ್ ಫೆರೆಲ್ ಬಾರಿಸುವ ದನದ ಗಂಟೆಯಂಥ ವಾದ್ಯ ಇನ್ನೂ ಹೆಚ್ಚು ಬೇಕೆಂದು ಕೇಳುತ್ತಲೇ ಇರುತ್ತಾರೆ. ಅದೇ ತಂಡದ ಜಿಮ್ಮಿ ಫ್ಯಾಲನ್ ನಗು ತಡೆಯಲಾಗದೆ ಮುಖ ಮುಚ್ಚಿಕೊಳ್ಳುತ್ತಾರೆ. ವಾಕನ್ ಮಾತ್ರ ಜೀವನ್ಮರಣದ ಪ್ರಶ್ನೆ ಎಂಬಂತೆ ನಿಂತಿರುತ್ತಾರೆ. ಖಳನಾಗಿ ಹೆದರಿಸುವಾಗ ಇದ್ದ ಏಕಾಗ್ರತೆಯೇ ಇದು, ಕಿಂಚಿತ್ತೂ ಕಡಿಮೆಯಿಲ್ಲ. ಅವರು ಒಟ್ಟು ಏಳು ಬಾರಿ ನಿರೂಪಿಸಿದ್ದಾರೆ, ನನ್ನ ಮಟ್ಟಿಗೆ ಅವರಿಗೆ ಸಮ ಯಾರೂ ಇಲ್ಲ.

1991ರಲ್ಲಿ ಬಾಸ್ಕೆಟ್‌ಬಾಲ್‌ನ ಮೈಕಲ್ ಜೋರ್ಡನ್ ಬಂದು, ತನ್ನ ಮೇಲೆ ತನಗೇ ನಂಬಿಕೆಯಿಲ್ಲದವನಂತೆ ಕನ್ನಡಿಯ ಮುಂದೆ ಧೈರ್ಯ ಹೇಳಿಕೊಂಡರು. ಅದೇ ವರ್ಷ ಬಂದಿದ್ದ ಹೊಡೆದಾಟದ ಚಿತ್ರಗಳ ನಾಯಕ ಸ್ಟೀವನ್ ಸೀಗಲ್ ಬಗ್ಗೆ ಲಾರ್ನ್ ಮೈಕಲ್ಸ್ ಮರುವರ್ಷ ಕಾರ್ಯಕ್ರಮದಲ್ಲೇ ಕೆಟ್ಟ ಅತಿಥಿ ಎಂದು ತಮಾಷೆ ಮಾಡಿದರು. 2000ದ ಮಾರ್ಚ್‌ನಲ್ಲಿ ಕುಸ್ತಿಯ ಅಖಾಡದಿಂದ ಡ್ವೇನ್ ಜಾನ್ಸನ್ ಬಂದರು. ಹಾಲಿವುಡ್ ಅವರನ್ನು ನಟನೆಂದು ಗಂಭೀರವಾಗಿ ನೋಡತೊಡಗಿದ್ದು ಆಮೇಲೆ. 2003ರಲ್ಲಿ ಹುಡುಗರ ಹಾಡಿನ ತಂಡದಿಂದ ಬಂದ ಜಸ್ಟಿನ್ ಟಿಂಬರ್‌ಲೇಕ್ ಆಮ್ಲೆಟ್ಟಿನ ವೇಷ ತೊಟ್ಟು ಬೀದಿಯಲ್ಲಿ ಗಿರಾಕಿಗಳನ್ನು ಕರೆಯುತ್ತ ಕುಣಿದರು. ಅವರ ಹೆಜ್ಜೆ, ತಾಳ, ದನಿ ಎಲ್ಲವೂ ಸಂಗೀತ ಕಛೇರಿಯಲ್ಲಿದ್ದಷ್ಟೇ ಶುದ್ಧ.

ಇನ್ನು ಪೇಟನ್ ಮ್ಯಾನಿಂಗ್. 2007ರ ಫೆಬ್ರವರಿಯಲ್ಲಿ ಸೂಪರ್ ಬೌಲ್ ಗೆದ್ದ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡೆಸೆದು ತಂಡದ ದಾಳಿ ನಡೆಸುವ ಆಟಗಾರ, ಊರಿನ ಒಳ್ಳೆಯ ಹುಡುಗನೆಂದು ಹೆಸರಾದವರು. ಅಮೆರಿಕದಲ್ಲಿ ಫುಟ್‌ಬಾಲ್ ಆಟಗಾರರು ಮಕ್ಕಳೊಡನೆ ಆಡುತ್ತ ಸಮಾಜಸೇವೆಗೆ ಕರೆಕೊಡುವ ಜಾಹೀರಾತುಗಳಿದ್ದವು. ಮಾರ್ಚ್ 24ರ ಸಂಚಿಕೆಯಲ್ಲಿ ಅದರ ಅಣಕ. ಮ್ಯಾನಿಂಗ್ ಪಾರ್ಕಿನಲ್ಲಿ ಪುಟ್ಟ ಮಕ್ಕಳಿಗೆ ಚೆಂಡು ಎಸೆಯುತ್ತಾರೆ, ಹಿಡಿಯದ ಮಗುವಿಗೆ ಚೆಂಡು ತಗಲುತ್ತದೆ, ಸಮಾಧಾನ ಹೇಳುವ ಬದಲು ಬೈಯುತ್ತಾರೆ, ಹೊರಗೆ ಹೋಗು ಎಂದು ಗದರಿಸುತ್ತಾರೆ, ಕೊನೆಗೆ ಕಾರಿನ ಬಾಗಿಲು ಒಡೆಯುವುದನ್ನೂ ಹೇಳಿಕೊಡುತ್ತಾರೆ. ಅವರ ಕಣ್ಣಲ್ಲಿ ಎಲ್ಲಿಯೂ, ಇದು ನಾನಲ್ಲ, ಸುಮ್ಮನೆ ಆಡುತ್ತಿದ್ದೇನೆ ಎಂಬ ಸನ್ನೆಯಿಲ್ಲ. ಎದುರು ತಂಡದ ರಕ್ಷಣೆಯನ್ನು ಅಳೆಯುವ ಅದೇ ನೋಟದಿಂದ ಎಂಟು ವರ್ಷದ ಮಗುವನ್ನು ಅಳೆಯುತ್ತಾರೆ. ಒಳ್ಳೆಯವನೆಂಬ ತನ್ನ ಹೆಸರನ್ನೇ ಪಣವಾಗಿ ಇಡುವ ಆ ಧೈರ್ಯ ನನಗೆ ಬಹಳ ಇಷ್ಟ.

2023ರ ಮಾರ್ಚ್‌ನಲ್ಲಿ ಇನ್ನೊಬ್ಬ ಫುಟ್‌ಬಾಲ್ ಆಟಗಾರ ಟ್ರಾವಿಸ್ ಕೆಲ್ಸಿ ಬಂದರು, ಅವರದೂ ಆಗಷ್ಟೇ ಸೂಪರ್ ಬೌಲ್ ಗೆದ್ದ ತಂಡ. ಹೆಣ್ಣುಮಕ್ಕಳು ತಮ್ಮ ಗೊಂಬೆಗಳನ್ನು ಕರೆತಂದು ಉಣ್ಣುವ ಹೋಟೆಲಿಗೆ, ಮಕ್ಕಳಿಲ್ಲದೆ ತನ್ನದೇ ಗೊಂಬೆಗಳೊಡನೆ ಬರುವ ಆಜಾನುಬಾಹು ಗಂಡಸಿನ ಪಾತ್ರ ಅವರದು. ಸುತ್ತಲಿನವರು ಕಸಿವಿಸಿಗೊಳ್ಳುತ್ತಾರೆ, ಅವರು ಮಾತ್ರ ನಿರಾತಂಕವಾಗಿ ಕೂತಿರುತ್ತಾರೆ.

ಈ ಪ್ರಹಸನಗಳಲ್ಲಿ ಹಲವು ಇಂದು ಮೊಬೈಲ್‌ನಲ್ಲೇ ನೋಡಲು ಸಿಗುತ್ತವೆ. ನೋಡುವುದಾದರೆ ಪ್ರೆವಿನ್ ಅವರಿಂದ ಶುರುಮಾಡಿ, ವಾಕನ್ ಅವರನ್ನು ದಾಟಿ ಮ್ಯಾನಿಂಗ್ ಅವರಿಗೆ ಬನ್ನಿ. ಅತಿಥಿ ಮಾತಾಡುವಾಗ ಅಲ್ಲ, ಬೇರೆಯವರು ಮಾತಾಡುವಾಗ ಅವರು ಹೇಗೆ ಕೇಳಿಸಿಕೊಳ್ಳುತ್ತಾರೆ ಎಂಬುದನ್ನು ಗಮನಿಸಿ.