ಗೇಟಿನ ಲಾಠಿ ಯಾರದು?

(ವಿದ್ಯಾರ್ಥಿ ನಿಲಯದ ಅಧ್ಯಯನ ಶಿಬಿರದಲ್ಲಿ ಆಡಿದ ಮಾತುಗಳು)



ಬೆಂಗಳೂರಿನ ದೊಡ್ಡ ದೊಡ್ಡ ಅಪಾರ್ಟ್‌ಮೆಂಟುಗಳಿಗೆ ನಮ್ಮ ತಾಯಂದಿರು ಕಸ ಗುಡಿಸೋಕೆ, ಪಾತ್ರೆ ತೊಳೆಯೋಕೆ ಹೋಗ್ತಾರೆ. ಎಷ್ಟೋ ಕಡೆ ಸಂಜೆ ಹೊರಗೆ ಬರೋವಾಗ ಗೇಟಿನಲ್ಲಿ ಚೀಲ ಬಿಚ್ಚಿ ತೋರಿಸಬೇಕು. ಕಾರಿನಲ್ಲಿ ಹೋಗೋನಿಗೆ ಸಲಾಮು, ನಮ್ಮವ್ವನ ಚೀಲಕ್ಕೆ ತಪಾಸಣೆ. ಚೀಲ ಬಿಚ್ಚಿಸೋ ಹುಡುಗ ಯಾರು? ಅವನೂ ಹೊಟ್ಟೆಪಾಡಿಗೆ ಊರು ಬಿಟ್ಟು ಬಂದ ಬಡವರ ಮನೆಯೋನೆ. ಹಾಗಾದ್ರೆ ಈ ಅಧಿಕಾರ ಅವನ ಕೈಗೆ ಬಂದದ್ದು ಎಲ್ಲಿಂದ? ಇವತ್ತು ನಾವು ಕೇಳಬೇಕಾದ್ದು ಇದೊಂದೇ ಪ್ರಶ್ನೆ.

ಈ ಪ್ರಶ್ನೆಯನ್ನು ನಮಗಿಂತ ಮೊದಲೇ ಕೇಳಿದವರು ಅಮೆರಿಕದ ಕಪ್ಪು ಜನ. ಅದಕ್ಕೇ ಬಾಬಾಸಾಹೇಬರು 1913ರಿಂದ 1916ರವರೆಗೆ ಓದಿದ ನ್ಯೂಯಾರ್ಕಿಗೆ ಒಂದು ಸಾರಿ ಹೋಗಿ ಬರೋಣ.

ಅಲ್ಲಿ ಕೆಲವು ದೊಡ್ಡ ವಸತಿ ಬಡಾವಣೆಗಳಿಗೆ ಸ್ವಂತ ‘ಪಬ್ಲಿಕ್ ಸೇಫ್ಟಿ’ ಇಲಾಖೆಗಳೇ ಇವೆ. ಸಮವಸ್ತ್ರ, ಬಿಲ್ಲೆ, ಗಸ್ತು ವಾಹನ ಎಲ್ಲಾ ಉಂಟು. ಹೆಸರು ಸಾರ್ವಜನಿಕರದ್ದು, ಸಂಬಳ ಮಾಲೀಕರದ್ದು. ನಗರದ ಪೊಲೀಸ್ ಕಮಿಷನರು ಇಂಥ ಖಾಸಗಿ ನೌಕರರನ್ನು ‘ಸ್ಪೆಷಲ್ ಪೆಟ್ರೋಲ್‌ಮನ್’ ಅಂತ ನೇಮಿಸಬಹುದು. ಆಗ ಅವರಿಗೆ ಕೆಲಸದ ಜಾಗದಲ್ಲಿ ಬಂಧಿಸೋ ಅಧಿಕಾರವೂ ಬರುತ್ತೆ. ಅಂದ್ರೆ ಸರ್ಕಾರದ ಅಧಿಕಾರ, ಆದರೆ ಅಪ್ಪಣೆ ಕೊಡೋನು ಧಣಿ.

ಧಣಿ ಎಂಥೋನಾಗಿದ್ರೆ ಏನಾಗುತ್ತೆ? ಸ್ಟೈವೆಸೆಂಟ್ ಟೌನ್ ಅನ್ನೋ ಬಡಾವಣೆ ನೋಡಿ. 8,000ಕ್ಕೂ ಹೆಚ್ಚು ಮನೆಗಳು. ಕಟ್ಟಿಸಿದ್ದು ಮೆಟ್ರೊಪಾಲಿಟನ್ ಲೈಫ್ ಅನ್ನೋ ವಿಮಾ ಕಂಪನಿ. ಮೊದಲ ಸಂಸಾರಗಳು ಬಂದದ್ದು 1947ರಲ್ಲಿ. ಅಲ್ಲಿ ಮೊದಲಿದ್ದ ಸುಮಾರು 11,000 ಜನರನ್ನು ಎಬ್ಬಿಸಿ ನೆಲ ಬಿಡಿಸಿಕೊಟ್ಟದ್ದು ನಗರಾಡಳಿತ. ಊರ ಬೀದಿಗಳನ್ನೇ ಕಂಪನಿಗೆ ಬಿಟ್ಟುಕೊಟ್ರು. 25 ವರ್ಷ ತೆರಿಗೆ ವಿನಾಯಿತಿ ಬೇರೆ. ಕಂಪನಿ ಮಾತ್ರ ಕಪ್ಪು ಜನಕ್ಕೆ ಇಲ್ಲಿ ಮನೆ ಇಲ್ಲ ಅಂತು. ಯುದ್ಧದಲ್ಲಿ ಸೇವೆ ಮಾಡಿ ಬಂದ ಜೋಸೆಫ್ ಡಾರ್ಸಿ ಎಂಬ ಕಪ್ಪು ಸೈನಿಕ ಕೋರ್ಟಿಗೆ ಹೋದ. 1949ರಲ್ಲಿ ರಾಜ್ಯದ ಅತ್ಯುನ್ನತ ನ್ಯಾಯಾಲಯದ ನಾಲ್ವರು ನ್ಯಾಯಾಧೀಶರು ‘ಇದು ಖಾಸಗಿ ವ್ಯವಹಾರ’ ಅಂದ್ರು, ಮೂವರು ಒಪ್ಪಲಿಲ್ಲ. ಡಾರ್ಸಿ ಸೋತ. ನೆಲ ಬಿಡಿಸೋವಾಗ ಸರ್ಕಾರಿ, ಜನರನ್ನು ತಡೆಯೋವಾಗ ಖಾಸಗಿ! ಇದೇ ಅದರ ಗುಟ್ಟು.

ಆದರೆ ಒಳಗಿದ್ದವರೆಲ್ಲಾ ಬಾಯಿ ಮುಚ್ಚಿ ಕೂರಲಿಲ್ಲ. ಲೀ ಲಾರ್ಚ್ ಅನ್ನೋ ಬಿಳಿಯ ಗಣಿತದ ಮೇಷ್ಟ್ರು ತಮ್ಮ ಮನೆಯನ್ನೇ ಹೆಂಡ್ರಿಕ್ಸ್ ಅನ್ನೋ ಕಪ್ಪು ಸಂಸಾರಕ್ಕೆ ಬಿಟ್ಟುಕೊಟ್ರು. ಮೇಷ್ಟ್ರ ಕೆಲಸ ಹೋಯ್ತು. ಹೋರಾಟ ನಿಲ್ಲಲಿಲ್ಲ. ಸರ್ಕಾರದ ನೆರವು ಪಡೆದ ಇಂಥ ವಸತಿಗಳಲ್ಲಿ ಭೇದ ಮಾಡಕೂಡದು ಅಂತ 1951ರಲ್ಲಿ ನಗರ ಕಾನೂನು ಮಾಡಿತು. 1952ರಲ್ಲಿ ಹೆಂಡ್ರಿಕ್ಸ್ ಸಂಸಾರಕ್ಕೆ ಅಲ್ಲೇ ಸ್ವಂತ ಹೆಸರಲ್ಲಿ ಬಾಡಿಗೆ ಮನೆ ಸಿಕ್ತು.

ಇನ್ನು ಕಾವಲುಗಾರನ ಬಿಲ್ಲೆಯ ಕತೆ. ಇದು ವಸತಿ ಬಡಾವಣೆಯದಲ್ಲ, ಮೇರಿಲ್ಯಾಂಡಿನ ಗ್ಲೆನ್ ಎಕೊ ಅನ್ನೋ ಖಾಸಗಿ ವಿಹಾರ ತಾಣದ್ದು. ಆದರೆ ಪ್ರಶ್ನೆ ಅದೇ. 1960ರ ಜೂನ್ 30ರಂದು ನಿಮ್ಮಂಥ ವಿದ್ಯಾರ್ಥಿಗಳೇ, ಐದು ಜನ ಕಪ್ಪು ಯುವಕ ಯುವತಿಯರು, ಟಿಕೆಟ್ ಹಿಡಿದು ಅಲ್ಲಿನ ತಿರುಗೋ ಕುದುರೆಗಳ ಮೇಲೆ ಕೂತರು. ಖಾಸಗಿ ಏಜೆನ್ಸಿಯ ಕಾವಲುಗಾರ ಅವರನ್ನು ಬಂಧಿಸಿದ. ಅವನಿಗೆ ಜಿಲ್ಲೆಯ ಆಡಳಿತ ವಿಶೇಷ ಪೊಲೀಸ್ ಅಧಿಕಾರ ಕೊಟ್ಟಿತ್ತು. 1964ರಲ್ಲಿ ಸುಪ್ರೀಂ ಕೋರ್ಟು ಆ ಶಿಕ್ಷೆ ರದ್ದು ಮಾಡಿತು. ಸರ್ಕಾರದ ಅಧಿಕಾರ ಬಳಸಿದ ಮೇಲೆ ಆ ಕೆಲಸ ಸರ್ಕಾರದ್ದೇ, ಧಣಿಯ ಖಾಸಗಿ ಭೇದಕ್ಕೆ ಅದನ್ನು ಬಳಸೋ ಹಾಗಿಲ್ಲ ಅಂತ ತೀರ್ಮಾನ ಆಯ್ತು.

ಈಗ ನಮ್ಮ ನೆಲಕ್ಕೆ ಬರೋಣ. ಅಮೆರಿಕ, ಲಂಡನ್ನಿನಲ್ಲಿ ಓದಿ 1917ರಲ್ಲಿ ಬರೋಡಕ್ಕೆ ಕೆಲಸಕ್ಕೆ ಬಂದ ಬಾಬಾಸಾಹೇಬರಿಗೆ ಇರೋಕೆ ಜಾಗ ಸಿಗಲಿಲ್ಲ. ಪಾರ್ಸಿಗಳ ವಸತಿಗೃಹದಲ್ಲಿ ಬೇರೆ ಹೆಸರಿನಲ್ಲಿ ಉಳಿದರು. ಹನ್ನೊಂದನೆಯ ದಿನ ಹನ್ನೆರಡು ಜನ ದೊಣ್ಣೆ ಹಿಡಿದು ಬಂದು ಹೊರಗೆ ಹಾಕಿದರು. ಆ ದೊಣ್ಣೆಗೆ ಯಾವ ಕಮಿಷನರ ಸಹಿ ಇತ್ತು? ಯಾವುದೂ ಇಲ್ಲ. ಜಾತಿಯೇ ಅದರ ಲೈಸೆನ್ಸು.

ಇವತ್ತಿನ ಗೇಟಿಗೆ ಮಾತ್ರ ಕಾನೂನು ಇದೆ. 2005ರ ಖಾಸಗಿ ಭದ್ರತಾ ಏಜೆನ್ಸಿಗಳ ಕಾಯ್ದೆ ಪ್ರಕಾರ ಏಜೆನ್ಸಿಗೆ ಲೈಸೆನ್ಸು ಬೇಕು. ಅದರ ಕಾವಲುಗಾರ ಪೊಲೀಸರಂತೆ, ಸೈನಿಕರಂತೆ ಕಾಣೋ ಬಟ್ಟೆ ಹಾಕಿದ್ರೆ ಶಿಕ್ಷೆ, ಅವನಿಗೂ ಏಜೆನ್ಸಿಯ ಯಜಮಾನನಿಗೂ. ಅವನು ಪೊಲೀಸನಲ್ಲ. ಕಣ್ಣೆದುರೇ ಜಾಮೀನಿಲ್ಲದ ಗಂಭೀರ ಅಪರಾಧ ನಡೆದರೆ ಯಾವ ನಾಗರಿಕನಾದ್ರೂ ಹಿಡಿಯಬಹುದು, ಅವನೂ ಹಿಡಿಯಬಹುದು. ಆದರೆ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 40ನೇ ಕಲಂ ಪ್ರಕಾರ, ಅನಗತ್ಯ ತಡ ಮಾಡದೆ, ಹೆಚ್ಚೆಂದರೆ 6 ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಬಲವಂತವಾಗಿ ಮೈ ತಡಕೋ ಅಧಿಕಾರವನ್ನು 2005ರ ಕಾಯ್ದೆ ಅವನಿಗೆ ಕೊಟ್ಟಿಲ್ಲ.

ಅದಕ್ಕೇ ನಾವು ಹೇಳೋದು: ಕಾವಲುಗಾರನ ಮೇಲೆ ಕೈ ಎತ್ತಬೇಡಿ. ಬಿಸಿಲಲ್ಲಿ ನಿಂತು ಸಲಾಮು ಹೊಡೆಯೋ ಅವನೂ ನಮ್ಮವನೆ. ನಾಳೆ ಓದು ನಿಂತರೆ ನಮ್ಮಲ್ಲೇ ಕೆಲವರು ಆ ಸಮವಸ್ತ್ರ ತೊಡಬೇಕಾದೀತು. ಕೇಳಬೇಕಾದ್ದು ಅವನ ಹಿಂದೆ ಇರೋರನ್ನ. ಚೀಲ ನೋಡೋ ನಿಯಮ ಎಲ್ಲರಿಗೋ, ಕೆಲಸದವರಿಗೆ ಮಾತ್ರವೋ? ಯಾರು ಮಾಡಿದ್ದು? ಬರೆದು ಕೊಡಿ ಅಂತ ಅಸೋಸಿಯೇಷನ್ನಿಗೆ ಕೇಳಿ. ಏಜೆನ್ಸಿಯ ಲೈಸೆನ್ಸು ತೋರಿಸಿ ಅನ್ನಿ. ಜಾತಿ ಹಿಡಿದು ಬೈದರೆ 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಠಾಣೆಯಲ್ಲಿ ದೂರು ಕೊಡಿ. ಒಬ್ಬರೇ ಹೋಗಬೇಡಿ, ಸಂಘಟನೆಯಾಗಿ ಹೋಗಿ.

ಸಂಘಟನೆಯಿಂದ ಏನಾಗುತ್ತೆ ಅನ್ನೋರಿಗೆ ನ್ಯೂಯಾರ್ಕಿನ ಇನ್ನೊಂದು ಮಾತು. 15,000ಕ್ಕೂ ಹೆಚ್ಚು ಮನೆಗಳ ಕೋ-ಆಪ್ ಸಿಟಿಯಲ್ಲೂ ಇಂಥ ಸ್ವಂತ ಇಲಾಖೆ ಇದೆ. 1975-76ರಲ್ಲಿ ಅಲ್ಲಿನ ಜನ 13 ತಿಂಗಳು ಒಟ್ಟಾಗಿ ಬಾಡಿಗೆ ಹಣ ತಡೆಹಿಡಿದು, ಬಡಾವಣೆಯ ಆಡಳಿತವನ್ನೇ ತಮ್ಮ ಕೈಗೆ ತಗೊಂಡರು. ಕಾವಲುಗಾರನ ಯಜಮಾನ ಯಾರು ಅನ್ನೋದು ಹಣೆಬರಹ ಅಲ್ಲ, ಜನ ಒಟ್ಟಾದರೆ ಬದಲಾಗೋ ಮಾತು.

ನಮ್ಮವ್ವ ನಾಳೆ ಸಂಜೆಯೂ ಆ ಗೇಟು ದಾಟಬೇಕು. ಚೀಲ ಬಿಚ್ಚದೆ, ತಲೆ ಬಗ್ಗಿಸದೆ ದಾಟಲಿ. ಓದಿದ ನಾವು ಅವಳ ಜೊತೆ ಆ ಗೇಟಿನವರೆಗೂ ಹೋಗದಿದ್ರೆ, ನಮ್ಮ ಓದು ಯಾತಕ್ಕೆ?

ಜೈ ಭೀಮ್.